ಅಟ್ಟದ ಮೇಲಿನ ಸೀಸೆಗೆ ವಯಸ್ಸೆಷ್ಟು?



ಮಾಗಡಿ ತಾಲ್ಲೂಕಿನ ಕೆಂಪಾಪುರವನ್ನು ಈಗ ಹೊರಗಿನವರು ಕೇಳಿಕೊಂಡು ಬರುತ್ತಾರೆ. 2015ರಲ್ಲಿ ಅಲ್ಲಿನ ಹಳೆಯ ಕಲ್ಲುಕಟ್ಟಡದ ಮೇಲಿನ ಬರಹವನ್ನು ಓದಿ, ಅದು ಬೆಂಗಳೂರು ಕಟ್ಟಿದ ಕೆಂಪೇಗೌಡರ ಸಮಾಧಿ ಎಂದು ಗುರುತಿಸಿದ ಮೇಲೆ ಊರಿನ ಹೆಸರು ಪತ್ರಿಕೆಗಳಲ್ಲಿ ಬಂತು. ಊರವರಿಗೆ ಆ ಕಟ್ಟಡ ಹೊಸದೇನೂ ಆಗಿರಲಿಲ್ಲ. ದನ ಹೊಡೆದುಕೊಂಡು ಹೋಗುವ ದಾರಿಯಲ್ಲಿ ನಿತ್ಯ ಕಾಣುತ್ತಿದ್ದದ್ದೇ. ಅಕ್ಷರ ಇತ್ತು, ಕೂತು ಓದುವವರು ಬೇಕಿತ್ತು.

ಇವತ್ತು ನಾನು ಹೇಳಹೊರಟಿರುವುದೂ ಓದುವ ವಿಷಯವನ್ನೇ. ಕಲ್ಲಿನ ಬದಲು ಗಾಜು. ಕೆಂಪಾಪುರದ, ಅದರ ಸುತ್ತಿನ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಸೀಮೆಯ ಹಳೇ ಮನೆಗಳ ಅಟ್ಟದಲ್ಲಿ, ಗೋಡೆಯ ಗೂಡಿನಲ್ಲಿ, ಕೊಟ್ಟಿಗೆಯ ಸೂರಿನಡಿ ಹಳೆಯ ಸೀಸೆಗಳು ಕೂತಿರುತ್ತವೆ. ಹರಳೆಣ್ಣೆಯದೊಂದು, ಹೊಂಗೆ ಎಣ್ಣೆಯದೊಂದು, ಗೊಟ್ಟ ಮುರಿದ ಮೇಲೆ ದನಕ್ಕೆ ಔಷಧಿ ಹೊಯ್ಯಲು ಇಟ್ಟುಕೊಂಡ ಉದ್ದ ಕತ್ತಿನದೊಂದು. ಬಾವಿಯ ಹೂಳು ತೆಗೆದಾಗ, ಹಳೇ ತಿಪ್ಪೆಯ ಜಾಗದಲ್ಲಿ ಪಾಯ ತೋಡಿದಾಗ ಇನ್ನಷ್ಟು ಸಿಗುತ್ತವೆ. ಸಿಕ್ಕಿದವರು ಮಣ್ಣು ಕೊಡವಿ, “ಬ್ರಿಟಿಷರ ಕಾಲದ್ದು” ಎಂದು ಹೇಳಿ ಬದಿಗಿಡುತ್ತಾರೆ. ಬ್ರಿಟಿಷರ ಕಾಲ ಎಂದರೆ ಟಿಪ್ಪು ಬಿದ್ದಾಗಿನಿಂದ ಸ್ವಾತಂತ್ರ್ಯ ಬರುವವರೆಗೆ ಸುಮಾರು ನೂರೈವತ್ತು ವರ್ಷ. ಅಷ್ಟು ಅಗಲದ ಬಲೆಯಲ್ಲಿ ಯಾವ ಮೀನಾದರೂ ಬಿದ್ದೀತು. ಸ್ವಲ್ಪ ಕಿರಿದು ಮಾಡಬಹುದೇ ನೋಡೋಣ.

ಬಾನುಲಿಯಲ್ಲಿ ಸೀಸೆ ತೋರಿಸಲು ಬರುವುದಿಲ್ಲ. ಅದರಿಂದ ನಷ್ಟವಿಲ್ಲ. ಈ ಕೆಲಸದಲ್ಲಿ ಕಣ್ಣಿಗಿಂತ ಬೆರಳೇ ನಂಬಿಕಸ್ತ. ಕಣ್ಣು ಬಣ್ಣಕ್ಕೆ, ಧೂಳಿಗೆ ಮರುಳಾಗುತ್ತದೆ. ಮನೆಯಲ್ಲಿ ಹಳೇ ಸೀಸೆ ಇದ್ದರೆ ತಂದು ಮಡಿಲಲ್ಲಿಟ್ಟುಕೊಂಡು ಕೇಳಿ.

ಗಾಜು ನಮ್ಮ ಸೀಮೆಗೆ ಅಪರಿಚಿತವಲ್ಲ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನಿಂದ ಶ್ರೀರಂಗಪಟ್ಟಣದ ದಾರಿ ಹಿಡಿದು ಹೋದಾಗ ಚನ್ನಪಟ್ಟಣದ ಗಾಜಿನ ಕೆಲಸವನ್ನು ಕಂಡು ಬರೆದಿಟ್ಟ. ಹೊಸದುರ್ಗದ ಕಡೆ ಮತ್ತೋಡಿನಲ್ಲೂ ಗಾಜಿನ ಕುಲುಮೆಗಳಿದ್ದವು. ಆದರೆ ಇಲ್ಲೆಲ್ಲ ಮುಖ್ಯವಾಗಿ ಆಗುತ್ತಿದ್ದುದು ಬಳೆ. ಸೀಸೆ ಊದುವುದು ನಮ್ಮವರ ಕಸುಬಾಗಿರಲಿಲ್ಲ. ಎಣ್ಣೆಗೆ ತೊಗಲಿನ ಬುದ್ದಲಿ, ಜೇನಿಗೆ ಸೋರೆಬುರುಡೆ, ತುಪ್ಪಕ್ಕೆ ಮಣ್ಣಿನ ಕುಡಿಕೆ, ಇಷ್ಟರಲ್ಲೇ ಸಂಸಾರ ಸಾಗುತ್ತಿತ್ತು.

ಸೀಸೆ ಹೆಚ್ಚಾಗಿ ಬಂದದ್ದು ಪರಂಗಿಯವರ ಪಾಳೆಯದ ಸಾಮಾನಿನ ಜೊತೆ. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಮಾಗಡಿ ಬಳಿಯ ಸಾವನದುರ್ಗವನ್ನು ಹಿಡಿಯಿತು. ಆ ಕಾಲದ ಇಂಗ್ಲಿಷ್ ಅಧಿಕಾರಿ ಯುದ್ಧಕ್ಕೆ ಹೊರಟರೂ ಮದ್ಯದ ಪೆಟ್ಟಿಗೆ ಬಿಟ್ಟು ಹೊರಡುವವನಲ್ಲ. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಯೂರಿತು. 1880ರ ದಶಕದ ಆರಂಭದಲ್ಲಿ ಮೈಸೂರಿನ ರೈಲು ರಾಮನಗರ, ಚನ್ನಪಟ್ಟಣದ ಮೇಲೆ ಓಡತೊಡಗಿತು. ಆಗ ರಾಮನಗರಕ್ಕೆ ಕ್ಲೋಸ್‌ಪೇಟೆ ಎಂದು ಹೆಸರು. ದಂಡಿನ ಬಂಗಲೆಯಲ್ಲಿ ಖಾಲಿಯಾದ ಸೀಸೆ ಬಟ್ಲರನ ಕೈಯಿಂದ ಗುಜರಿಗೆ, ಗುಜರಿಯಿಂದ ಸಂತೆಗೆ, ಸಂತೆಯಿಂದ ಹಳ್ಳಿಗೆ ಬರುತ್ತಿತ್ತು. ಒಳಗಿದ್ದ ಬ್ರಾಂದಿ ಯಾರೋ ಕುಡಿದದ್ದು, ಸೀಸೆ ಮಾತ್ರ ನಮಗೆ ಬಂದದ್ದು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ಸೀಸೆಯನ್ನು ಮಗುಚಿ ತಳದ ನಡುವೆ ಹೆಬ್ಬೆರಳಿಡಿ. ಒಡೆದ ಗಾಜಿನ ಗಾಯದಂಥ ಒರಟು ಗುರುತು ಸಿಕ್ಕಿತೇ? ಹಾಗಾದರೆ ಹುಷಾರು, ಕೈಯಲ್ಲಿರುವುದು ನಿಜಕ್ಕೂ ಹಳೆಯದಿರಬಹುದು. ಊದುವವನು ಸೀಸೆಯ ಕತ್ತು ಬಾಯಿ ತಿದ್ದುವಾಗ ಹಿಡಿತಕ್ಕಾಗಿ ತಳಕ್ಕೆ ಒಂದು ಕಬ್ಬಿಣದ ಸಲಾಕೆ ಅಂಟಿಸಿಕೊಳ್ಳುತ್ತಿದ್ದ. ಕೆಲಸ ಮುಗಿದ ಮೇಲೆ ಸಲಾಕೆಯನ್ನು ಮುರಿದು ತೆಗೆದರೆ ಗಾಯ ಉಳಿಯುತ್ತಿತ್ತು. ಸೀಸೆ ನೆಟ್ಟಗೆ ನಿಲ್ಲಲೆಂದು ತಳವನ್ನು ಒಳಕ್ಕೆ ಒತ್ತಿ ಗುಳಿ ಮಾಡುತ್ತಿದ್ದರು. ಯುರೋಪಿನಲ್ಲಿ 1850–60ರ ಹೊತ್ತಿಗೆ ಸೀಸೆಯ ಮೈಯನ್ನೇ ಹಿಡಿಯುವ ಇಕ್ಕಳ ಬಂದು, ಸಾಧಾರಣ ಸೀಸೆಗಳಲ್ಲಿ ಈ ಗಾಯ ಮಾಯವಾಯಿತು. ಸಾವನದುರ್ಗದ ಮುತ್ತಿಗೆಯ ಕಾಲದ ಸೀಸೆ ಎಂದು ಯಾರಾದರೂ ಹೇಳಿದರೆ ತಳದಲ್ಲಿ ಈ ಗಾಯ, ಗುಳಿ ಇರಬೇಕು. ಗಾಜು ಕಪ್ಪಗೆ ಕಾಣಬೇಕು, ಬಿಸಿಲಿಗೆ ಹಿಡಿದರೆ ಕಡುಹಸಿರಾಗಬೇಕು. ಬಾಯಿಯ ಸುತ್ತ ದಾರ ಸುತ್ತಿದಂತೆ ಗಾಜಿನ ಎಳೆಯೊಂದು ಅಂಟಿರಬೇಕು. ಇವು ಇಲ್ಲದೆ ಬರೀ ಕಥೆ ಇದ್ದರೆ ಕಥೆ ಕೇಳಿಕೊಂಡು ಮನೆಗೆ ಬನ್ನಿ.

ಇನ್ನು ಮೈ. ಅಚ್ಚಿನ ಹೋಳುಗಳು ಕೂಡುವಲ್ಲಿ ಗಾಜಿನ ಮೇಲೆ ಗೆರೆ ಏಳುತ್ತದೆ. ತಳದಿಂದ ಮೇಲಕ್ಕೆ ಉಗುರು ಎಳೆದುಕೊಂಡು ಹೋಗಿ, ಗೆರೆ ಎಲ್ಲಿ ನಿಲ್ಲುತ್ತದೆ ನೋಡಿ. ಗೆರೆಯೇ ಇಲ್ಲದಿದ್ದರೆ ಅಚ್ಚಿಲ್ಲದೆ ಊದಿದ್ದು, ಇಲ್ಲವೇ ಅಚ್ಚಿನೊಳಗೆ ತಿರುಗಿಸಿ ಗೆರೆ ಅಳಿಸಿದ್ದು. ತಿರುಗಿಸಿದ್ದಾದರೆ ಬೆಳಕಿನಲ್ಲಿ ಮೈಸುತ್ತ ಅಡ್ಡಡ್ಡ ಸಣ್ಣ ಗೀರುಗಳು ಕಾಣುತ್ತವೆ. ಭುಜದ ಸುತ್ತ ಒಂದು ಗೆರೆ ಓಡಿ, ಅಲ್ಲಿಂದ ಎರಡು ಕಡೆ ಮೇಲಕ್ಕೆ ಹತ್ತಿದ್ದರೆ ಅದು ಮೂರು ತುಂಡಿನ ಅಚ್ಚು. ಬ್ರಿಸ್ಟಲ್ ಊರಿನ ಹೆನ್ರಿ ರಿಕೆಟ್ಸ್ 1821ರಲ್ಲಿ ಇಂಥ ಅಚ್ಚಿಗೆ ಪೇಟೆಂಟ್ ಪಡೆದ. ತಳದಲ್ಲಿ ಅವನ ಹೆಸರೇ ಉಬ್ಬಿರುವ ಸೀಸೆಗಳಿವೆ. ಎರಡು ಪಕ್ಕಗಳಲ್ಲಿ ಮೇಲೆದ್ದ ಗೆರೆ ಬಾಯಿಗಿಂತ ಕೆಳಗೇ ಅಳಿಸಿಹೋದರೆ ಮೈ ಅಚ್ಚಿನದು, ಬಾಯಿ ಕೈಯದು. ಗೆರೆ ಬಾಯಿಯ ಅಂಚಿನವರೆಗೂ ಏರಿದ್ದರೆ ಯಂತ್ರದ್ದು.

ಅಮೆರಿಕದ ಮೈಕೆಲ್ ಓವೆನ್ಸ್ ತಾನೇ ತಾನಾಗಿ ಸೀಸೆ ಮಾಡುವ ಯಂತ್ರವನ್ನು 1903ರಲ್ಲಿ ನಿಲ್ಲಿಸಿದ. ಅದರಲ್ಲಿ ಮಾಡಿದ ಸೀಸೆಯ ತಳದಲ್ಲಿ ಒಂದು ಅಂಕುಡೊಂಕಾದ ಉಂಗುರ, ಯಂತ್ರ ಗಾಜನ್ನು ಹೀರಿ ಕತ್ತರಿಸಿದ ಗುರುತು, ಉಳಿಯುತ್ತದೆ. ಈ ಇಸವಿಯನ್ನೇ ಹಿಡಿದು ಇಂಗ್ಲಿಷ್ ಪುಸ್ತಕಗಳು ಒಂದು ಸೂತ್ರ ಹೇಳುತ್ತವೆ: ಗೆರೆ ಬಾಯಿ ಮುಟ್ಟದಿದ್ದರೆ 1903ಕ್ಕಿಂತ ಹಿಂದಿನದು, ಮುಟ್ಟಿದರೆ ಈಚಿನದು.

ಈ ಸೂತ್ರವನ್ನು ನಮ್ಮ ಅಟ್ಟಕ್ಕೆ ಹತ್ತಿಸಬೇಡಿ. ಅಲ್ಲಿ ಯಂತ್ರ ಬಂದ ವರ್ಷ ಇಲ್ಲಿ ಬರಲಿಲ್ಲ. ಪುಣೆಯ ಹತ್ತಿರ ತಳೇಗಾಂವ್‌ನಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಶುರುವಾದದ್ದು 1908ರಲ್ಲಿ. ಜನರಿಂದ ಒಂದೊಂದು ಪೈಸೆ ಕೂಡಿಸಿ ಕಟ್ಟಿದ ಸ್ವದೇಶಿ ಕಾರ್ಖಾನೆ ಅದು, ತಿಲಕರ ಬೆಂಬಲ ಇದ್ದದ್ದು. ಬಾಯಿಂದ ಗಾಜು ಊದುವ ಕೆಲಸವನ್ನು ಅಲ್ಲಿ ನಮ್ಮ ಹುಡುಗರು ಕಲಿತರು. ಹಿಂದೂಸ್ತಾನ್ ನ್ಯಾಷನಲ್ ಗ್ಲಾಸ್ ಕಂಪನಿ ಕಲ್ಕತ್ತೆಯ ಬಳಿ ರಿಶ್ರಾದಲ್ಲಿ ಪೂರ್ತಿ ಯಂತ್ರದ ಕಾರ್ಖಾನೆ ನಿಲ್ಲಿಸಿದ್ದು 1952ರಲ್ಲಿ. ದೇಶಕ್ಕೇ ಅದು ಮೊದಲನೆಯದು ಎಂದು ಆ ಕಂಪನಿ ಹೇಳಿಕೊಳ್ಳುತ್ತದೆ. ಅಂದರೆ ಓವೆನ್ಸ್‌ನ ಯಂತ್ರಕ್ಕೂ ನಮಗೂ ನಡುವೆ ಸುಮಾರು ಅರ್ಧ ಶತಮಾನ. ಸಣ್ಣ ಕುಲುಮೆಗಳಲ್ಲಿ ಅದರ ಆಚೆಗೂ ಊದುವ ಕೆಲಸ ನಡೆಯಿತು. ನಿಮ್ಮ ಕೈಯಲ್ಲಿರುವ ಒರಟು ಸೀಸೆ, ಗುಳ್ಳೆ ತುಂಬಿದ್ದು, ವಾರೆಯಾದದ್ದು, 1880ರದೂ ಆಗಿರಬಹುದು, 1950ರದೂ ಆಗಿರಬಹುದು. ಗುಳ್ಳೆ ಇದ್ದರೆ ಹಳೆಯದು ಎಂಬ ಮಾತಂತೂ ಪೂರಾ ಸುಳ್ಳು. ಕುಲುಮೆಯ ಶಾಖ ಸಾಲದಿದ್ದರೆ ನಿನ್ನೆ ಮಾಡಿದ ಸೀಸೆಯಲ್ಲೂ ಗುಳ್ಳೆ ಬರುತ್ತದೆ.

ಇದಕ್ಕೆಲ್ಲ ಒಳ್ಳೆಯ ಸಾಕ್ಷಿ ನಮ್ಮ ಗೋಲಿ ಸೋಡಾ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಮಾಗಡಿ ಸಂತೆಯಲ್ಲೋ ಚನ್ನಪಟ್ಟಣದ ಬಸ್ ನಿಲ್ದಾಣದಲ್ಲೋ ಇದನ್ನು ಕುಡಿಯದೆ ಬೆಳೆದವರು ಕಡಿಮೆ.

ಗುಳ್ಳೆ ಬರುವ ನೀರನ್ನು ಸೀಸೆಯಲ್ಲಿ ಹಿಡಿದಿಡುವುದು ಹಿಂದೆ ದೊಡ್ಡ ತಲೆನೋವಾಗಿತ್ತು. ಬಿರಡೆ ಒಣಗಿ ಸಡಿಲವಾದರೆ ಗ್ಯಾಸ್ ಹೋಗುತ್ತದೆ. ಅದಕ್ಕೇ 19ನೇ ಶತಮಾನದ ಆರಂಭದಲ್ಲಿ ತಳವೇ ಇಲ್ಲದ, ಮೊಟ್ಟೆಯಾಕಾರದ ಸೀಸೆ ಮಾಡಿದರು. ಅದನ್ನು ನಿಲ್ಲಿಸಲು ಆಗುವುದಿಲ್ಲ, ಮಲಗಿಸಲೇಬೇಕು. ಮಲಗಿದರೆ ಬಿರಡೆ ಒದ್ದೆಯಾಗಿರುತ್ತದೆ. ದಂಡಿನ ಹಳೇ ಕಸದಲ್ಲಿ ಇಂಥದು ಸಿಕ್ಕರೆ ಅದು ಬೇರೇನೂ ಅಲ್ಲ, ಸೋಡಾ ಸೀಸೆಯೇ. ಆಮೇಲೆ ಲಂಡನ್ನಿನ ಹಿರಾಮ್ ಕಾಡ್ ಎಂಬ ಎಂಜಿನಿಯರ್ 1872ರಲ್ಲಿ ಬಿರಡೆಯನ್ನೇ ಕೈಬಿಟ್ಟ. ಕತ್ತಿನಲ್ಲಿ ಗಾಜಿನ ಗೋಲಿ, ಬಾಯಿಯ ಒಳಗಿನ ತೋಡಿನಲ್ಲಿ ರಬ್ಬರಿನ ಉಂಗುರ. ಸೀಸೆಯನ್ನು ತಲೆಕೆಳಗು ಮಾಡಿ ಗ್ಯಾಸ್ ತುಂಬಿದರೆ ಒಳಗಿನ ಒತ್ತಡವೇ ಗೋಲಿಯನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ. ಸೋಡಾ ತನ್ನ ಬಾಗಿಲನ್ನು ತಾನೇ ಹಾಕಿಕೊಂಡಿತು! ಹೆಬ್ಬೆರಳಿಂದ ಒತ್ತಿದರೆ ಗೋಲಿ ಕೆಳಕ್ಕೆ ಬಿದ್ದು, ಹಿಸುಕಿದಂತಿರುವ ಕತ್ತಿನಲ್ಲಿ ನಿಲ್ಲುತ್ತದೆ. ಬಗ್ಗಿಸಿ ಕುಡಿಯುವಾಗ ಗೋಲಿ ಬಾಯಿಗೆ ಅಡ್ಡ ಬರದ ಹಾಗೆ ಹಿಡಿಯಲು ಒಂದು ಪಕ್ಕದಲ್ಲಿ ಎರಡು ಗುಳಿಗಳಿರುತ್ತವೆ. ಗುಳಿ ಯಾವ ಕಡೆ ಇದೆ ಎಂದು ಬೆರಳಿಗೆ ಗೊತ್ತಿದ್ದವನು ಸಲೀಸಾಗಿ ಕುಡಿಯುತ್ತಿದ್ದ, ಗೊತ್ತಿಲ್ಲದವನ ಅಂಗಿ ನೆನೆಯುತ್ತಿತ್ತು.

1892ರಲ್ಲಿ ಅಮೆರಿಕದ ವಿಲಿಯಂ ಪೇಂಟರ್ ತಗಡಿನ ಮುಚ್ಚಳ ಕಂಡುಹಿಡಿದ. ಅದು ಹರಡುತ್ತ ಹೋದಂತೆ ಬ್ರಿಟನ್ನಿನಲ್ಲಿ ಗೋಲಿ ಸೀಸೆ ಮೂಲೆಗೆ ಬಿತ್ತು. ನಮ್ಮಲ್ಲಿ ಮತ್ತು ಜಪಾನಿನಲ್ಲಿ ಉಳಿಯಿತು. ಉತ್ತರ ಪ್ರದೇಶದ ಸಾಸ್ನಿಯಲ್ಲಿ ಖಂಡೇಲ್‌ವಾಲ್ ಕಾರ್ಖಾನೆ ಈಚಿನವರೆಗೂ ಇವನ್ನು ಮಾಡುತ್ತಿತ್ತು. ಈ ಸೀಸೆಯಲ್ಲಿ ಗೋಲಿ ಹಾಕಿದ ಮೇಲೆ ಬಾಯಿಯನ್ನು ಮತ್ತೆ ಕಾಯಿಸಿ ಕಿರಿದು ಮಾಡಬೇಕು. ಹಾಗಾಗಿ ಮೊನ್ನೆ ಮೊನ್ನೆ ಮಾಡಿದ ಗೋಲಿ ಸೀಸೆಯಲ್ಲೂ ಬಾಯಿಯ ಹತ್ತಿರ ಅಚ್ಚಿನ ಗೆರೆ ಅಳಿಸಿರಬಹುದು. ಇಂಗ್ಲಿಷ್ ಸೂತ್ರ ಇಲ್ಲಿ ಎಡವುತ್ತದೆ. ಬೆಂಗಳೂರಿನ ಭಾನುವಾರದ ಬಜಾರಿನಲ್ಲಿ, “ಸಾರ್, ನೋಡಿ, ಗೆರೆ ಮೇಲಕ್ಕೆ ಹೋಗಿಲ್ಲ, ನೂರಿಪ್ಪತ್ತು ವರ್ಷದ್ದು” ಎಂದು ಗೋಲಿ ಸೀಸೆ ಮುಂದಿಟ್ಟರೆ ಗೆರೆ ಬಿಟ್ಟು ಅಕ್ಷರ ನೋಡಿ. ಕಾಡ್‌ನ ಪೇಟೆಂಟ್ ಎಂಬ ಬರಹ, ಬಾರ್ನ್‌ಸ್ಲಿ ಊರಿನ ಡಾನ್ ರೈಲ್ಯಾಂಡ್ಸ್‌ನಂಥ ಇಂಗ್ಲಿಷ್ ತಯಾರಕರ ಹೆಸರು ಉಬ್ಬು ಅಕ್ಷರದಲ್ಲಿದ್ದು, ಅಕ್ಷರಗಳ ಅಂಚು ಕೈಬಳಕೆಯಿಂದ ಸವೆದಿದ್ದರೆ ಮಾತು ಮುಂದುವರಿಸಿ. ಏನೂ ಬರೆಯದ, ತಳ ಸವೆಯದ, ಫಳಫಳ ಹೊಳೆಯುವ ಸೀಸೆಗೆ ಸೋಡಾದ ಬೆಲೆಗಿಂತ ಹೆಚ್ಚು ಕೊಡಬೇಡಿ.

ಹಳೆಯ ಗೋಲಿ ಸೀಸೆಗಳು ಯಾಕೆ ಉಳಿದಿಲ್ಲ ಎಂದರೆ, ಅರ್ಧಕ್ಕರ್ಧ ಹುಡುಗರ ಕೈಗೆ ಸಿಕ್ಕು ಗೋಲಿಗಾಗಿ ಒಡೆದವು. ಇನ್ನು ಕೆಲವು ಊರ ಗಲಾಟೆಗಳಲ್ಲಿ ಒಡೆದವು. ‘ಸೋಡಾ ಬಾಟ್ಲಿ ತೂರಾಟ’ ಎಂಬ ಸುದ್ದಿ ಒಂದು ಕಾಲಕ್ಕೆ ಪತ್ರಿಕೆಗಳಲ್ಲಿ ತಪ್ಪದೆ ಬರುತ್ತಿತ್ತಲ್ಲ!

ಅಕ್ಷರ ಇದ್ದರೆ ಅರ್ಧ ಕೆಲಸ ಮುಗಿದಂತೆ. ಹಾರ್ಲಿಕ್ಸ್ ಸೀಸೆಯನ್ನೇ ನೋಡಿ. ಅದರ ಗಾಜಿನಲ್ಲಿ ಇಂಗ್ಲೆಂಡಿನ ಸ್ಲೌ ಊರಿನ ಹೆಸರು ಇದ್ದರೆ ಅದು 1908ಕ್ಕಿಂತ ಹಿಂದಿನದಾಗಿರಲಾರದು, ಆ ಕಾರ್ಖಾನೆ ಶುರುವಾದದ್ದೇ ಆಗ. ಪಂಜಾಬಿನ ನಾಭಾದಲ್ಲಿ ಮಾಡಿದ್ದಾದರೆ 1960ರ ಆಸುಪಾಸು ಅಥವಾ ಆಮೇಲಿನದು. ಅಮೃತಾಂಜನದ ಪುಟ್ಟ ಸೀಸೆಗೆ ಚೀಟಿ ಉಳಿದಿದ್ದರೆ ವಿಳಾಸ ನೋಡಿ. ಕಾಶೀನಾಥುನಿ ನಾಗೇಶ್ವರರಾವ್ 1893ರಲ್ಲಿ ಅದನ್ನು ಆರಂಭಿಸಿದ್ದು ಬೊಂಬಾಯಿಯಲ್ಲಿ, ಕಂಪನಿ ಮದರಾಸಿಗೆ ಹೋದದ್ದು ಆಮೇಲೆ.

ವಿಳಾಸ, ಅಳತೆ, ಬೆಲೆ, ಈ ಮೂರೂ ನಮ್ಮ ದೇಶದ ಸೀಸೆಗೆ ಗೆರೆಗಿಂತ ಗಟ್ಟಿ ಸಾಕ್ಷಿ. ಔನ್ಸು, ಪಿಂಟು ಎಂದಿದ್ದರೆ ಮೆಟ್ರಿಕ್ ಅಳತೆ ಬರುವುದಕ್ಕೆ ಮುಂಚಿನದು ಎಂದು ಊಹಿಸಬಹುದು. ಮೆಟ್ರಿಕ್ ಪದ್ಧತಿ 1958ರಿಂದ ಹಂತಹಂತವಾಗಿ ಜಾರಿಗೆ ಬಂದು 60ರ ದಶಕದ ಮೊದಲಿಗೆ ನೆಲೆಗೊಂಡಿತು. ಆದ್ದರಿಂದ ಮಿಲಿಲೀಟರ್ ಎಂದಿರುವ ನಮ್ಮ ಸೀಸೆ ಸಾಮಾನ್ಯವಾಗಿ ಅದಕ್ಕಿಂತ ಹಿಂದಿನದಲ್ಲ. ನಯಾಪೈಸೆ ಎಂದಿದ್ದರೆ 1957ರಿಂದ 1964ರ ನಡುವಿನದು. ‘ಬೆಂಗಳೂರು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ವಿಳಾಸ 1940ರ ದಶಕದ ಕೊನೆಗೆ ಮುಗಿದುಹೋಯಿತು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗೆ ಮೊದಲು. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ಆದ ಮೇಲೆ. ಮಾಗಡಿಯ ಜೇನುತುಪ್ಪದ ಚೀಟಿಯಲ್ಲಿ ‘ಬೆಂಗಳೂರು ಗ್ರಾಮಾಂತರ ಜಿಲ್ಲೆ’ ಎಂದಿದ್ದರೆ 1986ರಿಂದ 2007ರ ನಡುವೆ. ಆ ಮೇಲೆ ನಾವು ರಾಮನಗರ ಜಿಲ್ಲೆಯವರಾದೆವು. ಸರ್ಕಾರ ಹೆಸರು ಬದಲಾಯಿಸಿದಾಗಲೆಲ್ಲ ನಾವು ಗೊಣಗುತ್ತೇವೆ, ಸೀಸೆ ಹುಡುಕುವವನಿಗೆ ಮಾತ್ರ ಅದರಿಂದ ಉಪಕಾರವೇ.

ಅಕ್ಷರವೂ ಇಲ್ಲ, ಚೀಟಿಯೂ ಇಲ್ಲದ ಸೀಸೆಗಳಲ್ಲಿ ಒಂದು ಜಾತಿ ನಮಗೆ ಚೆನ್ನಾಗಿ ಗೊತ್ತು. ಸರ್ಕಾರಿ ಆಸ್ಪತ್ರೆಗೆ ಹೋಗುವಾಗ ಮನೆಯಿಂದ ಸೀಸೆ ಒಯ್ಯಬೇಕಿತ್ತು. ಕಾಂಪೌಂಡರು ಅದಕ್ಕೆ ಕೆಂಪು ಮಿಕ್ಸ್ಚರ್ ತುಂಬಿ, ಕಾಗದದ ಪಟ್ಟಿಯನ್ನು ಕಚ್ಚುಕಚ್ಚಾಗಿ ಕತ್ತರಿಸಿ ಮೈಗೆ ಅಂಟಿಸುತ್ತಿದ್ದರು. ಒಂದು ಕಚ್ಚಿಗೆ ಒಂದು ಹೊತ್ತಿನ ಔಷಧಿ. ಕಾಯಿಲೆ ವಾಸಿಯಾದ ಮೇಲೆ ಅದೇ ಸೀಸೆಯ ಮುಚ್ಚಳಕ್ಕೆ ತೂತು ಹಾಕಿ, ಬತ್ತಿ ಇಳಿಬಿಟ್ಟು, ಸೀಮೆಎಣ್ಣೆ ಬುಡ್ಡಿ ಮಾಡಿಕೊಳ್ಳುತ್ತಿದ್ದರು. ಮೊದಲು ಅದರಲ್ಲಿ ಏನಿತ್ತೋ! ಬ್ರಾಂದಿಯೋ, ವಿಲಾಯಿತಿ ಸಾಸೋ. ಒಂದೇ ಸೀಸೆ ಮೂರು ಜನ್ಮ ಕಂಡಿತು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಸೀಸೆಯ ಮೇಲಿನ ಗುರುತು ಹೇಳುವುದು, ಅದು ಯಾವ ಕಾಲದಲ್ಲಿ ತಯಾರಾಯಿತು ಎಂಬುದನ್ನಷ್ಟೆ. ಯಾವ ವರ್ಷದವರೆಗೆ ಬಳಸಿದರು ಎಂಬುದನ್ನು ಅದು ಹೇಳುವುದಿಲ್ಲ. ಕುಡಿದು ಎಸೆಯುವ ದೇಶಗಳಲ್ಲಿ ಈ ಎರಡರ ನಡುವೆ ಹೆಚ್ಚು ಅಂತರವಿಲ್ಲ, ಕಸದ ಗುಂಡಿಯ ಕಾಲವೂ ಸೀಸೆಯ ಕಾಲವೂ ಹೆಚ್ಚುಕಡಿಮೆ ಒಂದೇ. ನಮ್ಮಲ್ಲಿ ಸೀಸೆ ಎಸೆಯುವ ಸಾಮಾನೇ ಆಗಿರಲಿಲ್ಲ. ಬಾವಿಯ ಹೂಳಿನಲ್ಲಿ 1890ರ ಸೀಸೆ ಸಿಕ್ಕರೆ ಹೂಳು 1890ರದು ಎಂದುಕೊಳ್ಳಬಾರದು. ಅರವತ್ತು ವರ್ಷ ಎಣ್ಣೆ ತುಂಬಿಕೊಂಡಿದ್ದು, ಯಾವುದೋ ಮದುವೆಯ ಗಡಿಬಿಡಿಯಲ್ಲಿ ಕೈಜಾರಿ ಬಾವಿಗೆ ಬಿದ್ದಿರಬಹುದು. ಒಂದು ಗುಂಡಿಯಲ್ಲಿ ಹಲವು ಸಾಮಾನು ಸಿಕ್ಕರೆ ಎಲ್ಲಕ್ಕಿಂತ ಹೊಸದನ್ನು ಹಿಡಿಯಿರಿ. ಹತ್ತು ಹಳೇ ಸೀಸೆಗಳ ನಡುವೆ ಒಂದು ಗೋಲ್ಡ್ ಸ್ಪಾಟ್ ತಂಪುಪಾನೀಯದ ಮುಚ್ಚಳ ಇದ್ದರೆ ತೀರ್ಪು ಮುಚ್ಚಳದ್ದೇ.

ಬಣ್ಣದ ಬಗ್ಗೆ ಎರಡೇ ಮಾತು. ಹಸಿರು ಬರುವುದು ಮರಳಿನಲ್ಲಿರುವ ಕಬ್ಬಿಣದಿಂದ, ಅದು ಯಾವ ಕಾಲದಲ್ಲೂ ಇದೆ. ಹಸಿರು ಕಳೆಯಲು ಹಿಂದೆ ಮ್ಯಾಂಗನೀಸ್ ಹಾಕುತ್ತಿದ್ದರು. ಅಂಥ ಗಾಜು ಬಹುಕಾಲ ಬಿಸಿಲಿಗೆ ಬಿದ್ದರೆ ನೇರಳೆಗೆ ತಿರುಗುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ಈ ಪದ್ಧತಿ ಬಹುಮಟ್ಟಿಗೆ ನಿಂತಿತು. ಕಡುನೀಲಿಯ, ಮೈಮೇಲೆ ಉದ್ದುದ್ದ ಏಣುಗಳಿರುವ ಆರು ಮೂಲೆಯ ಸೀಸೆ ಸಿಕ್ಕರೆ ಎಚ್ಚರ, ಅದು ವಿಷದ್ದು. ಕತ್ತಲಲ್ಲಿ ಕೈಗೆ ಸಿಕ್ಕರೂ ಔಷಧಿ ಎಂದು ಕುಡಿಯದಿರಲಿ ಎಂದೇ ಬ್ರಿಟನ್ನಿನಲ್ಲಿ ಹಾಗೆ ಮಾಡಿದರು. ಒಳಗೆ ಏನಾದರೂ ಉಳಿದಿದ್ದರೆ ಮುಚ್ಚಳ ತೆಗೆಯಬೇಡಿ, ಮೂಸಿ ನೋಡಬೇಡಿ.

ತೊಳೆಯುವ ವಿಷಯದಲ್ಲೂ ಒಂದು ಬೇಡಿಕೆ. ನಮ್ಮವರು ಮರಳು ಹಾಕಿ ಕುಲುಕುತ್ತಾರೆ, ಆ್ಯಸಿಡ್ ಹೊಯ್ಯುತ್ತಾರೆ. ಎರಡೂ ಬೇಡ. ಒದ್ದೆ ಮಣ್ಣಿನಲ್ಲಿ ಬಹುಕಾಲ ಇದ್ದ ಗಾಜಿನಿಂದ ಕ್ಷಾರ ಬಿಟ್ಟುಹೋಗಿ ಮೇಲೆ ಬಣ್ಣಬಣ್ಣದ ತೆಳು ಪೊರೆ ಏಳುತ್ತದೆ. ಉಜ್ಜಿದರೆ ಅದು ಸಿಪ್ಪೆಯಾಗಿ ಉದುರುತ್ತದೆ, ಜೊತೆಗೆ ಹಳೆಯದೆಂಬ ಒಂದು ಸಾಕ್ಷಿಯೂ ಹೋಗುತ್ತದೆ. ಗಟ್ಟಿಯಾಗಿರುವುದನ್ನು ತಣ್ಣೀರಿನಲ್ಲಿ ಸ್ವಲ್ಪ ಸೋಪು ಹಾಕಿ ನೆನೆಸಿ. ಪೊರೆ ಎದ್ದದ್ದನ್ನು ಮೆತ್ತನೆಯ ಕುಂಚದಿಂದ ಧೂಳು ಒರೆಸಿ ಹಾಗೇ ಬಿಡಿ.

ಇಷ್ಟು ಕೇಳಿ ಯಾರೂ ಗುದ್ದಲಿ ಹಿಡಿದು ಸಾವನದುರ್ಗಕ್ಕಾಗಲಿ ಕೆಂಪಾಪುರದ ಸಮಾಧಿಯ ಹತ್ತಿರಕ್ಕಾಗಲಿ ಹೋಗಬಾರದು. ನಿಧಿಯ ಆಸೆಗೆ ಅಗೆದು ನಮ್ಮ ಕಡೆ ಎಷ್ಟು ಗುಡಿ, ಎಷ್ಟು ವೀರಗಲ್ಲು ಹಾಳಾಗಿವೆ ಎಂದು ನಿಮಗೇ ಗೊತ್ತು. ಅದು ಅಪರಾಧ ಕೂಡ. ನೂರು ವರ್ಷ ದಾಟಿದ, ಚರಿತ್ರೆಗೆ ಸಂಬಂಧಿಸಿದ ವಸ್ತುವನ್ನು ದೇಶದ ಹೊರಗೆ ಮಾರಲು 1972ರ ಕಾಯ್ದೆ ಬಿಡುವುದಿಲ್ಲ. ಅಗೆಯುವ ಅಗತ್ಯವೂ ಇಲ್ಲ, ಇರುವುದೆಲ್ಲ ಅಟ್ಟದ ಮೇಲೇ ಇದೆ.

ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಹಳ್ಳಿ ಮನೆಯ ಪಾತ್ರೆ ಪರಿಕರಗಳನ್ನು ಅಕ್ಕರೆಯಿಂದ ಜೋಡಿಸಿಟ್ಟಿದ್ದಾರೆ. ಸೀಸೆಗೆ ಇಂಥ ಭಾಗ್ಯ ಸಾಮಾನ್ಯವಾಗಿ ಬರುವುದಿಲ್ಲ. ಅದು ಅರಮನೆಯದಲ್ಲ, ಪೂರ್ತಿ ನಮ್ಮದೂ ಅಲ್ಲ, ಹಾಗಾಗಿ ಯಾರ ಪಟ್ಟಿಗೂ ಸೇರುವುದಿಲ್ಲ. ಆ ಪಟ್ಟಿಯನ್ನು ನೀವೇ ಮಾಡಬಹುದು. ಮನೆಯಲ್ಲಿರುವ ಒಂದೊಂದು ಸೀಸೆಗೂ ಒಂದು ಚೀಟಿ ಬರೆಯಿರಿ: ಯಾರ ಮನೆಯಿಂದ ಬಂತು, ಅದರಲ್ಲಿ ಏನಿಡುತ್ತಿದ್ದರು, ಯಾರು ಹೇಳಿದರು. ಚೀಟಿಯನ್ನು ಗಾಜಿಗೆ ಅಂಟಿಸದೆ ದಾರದಿಂದ ಕತ್ತಿಗೆ ಕಟ್ಟಿ. ತಳದ ಗುರುತು, ಬಾಯಿಯ ಅಂಚು ಕಾಣುವಂತೆ ಫೋಟೋ ತೆಗೆದಿಡಿ. ವಯಸ್ಸನ್ನು ಬೆರಳು ಹೇಳೀತು, ಅಕ್ಷರ ಹೇಳೀತು. ಏನಿಡುತ್ತಿದ್ದರು ಎಂಬುದನ್ನು ಮಾತ್ರ ಅಜ್ಜಿಯೋ ದೊಡ್ಡಮ್ಮನೋ ಹೇಳಬೇಕು. ಅಂಥವರು ಮನೆಯಲ್ಲಿದ್ದರೆ ಇವತ್ತೇ ಕೇಳಿ ಬರೆದುಕೊಳ್ಳಿ. ಗುಜರಿಯವರ ಗಾಡಿ ವಾರ ವಾರ ಬರುತ್ತದೆ.